ಪಶ್ಚಿಮದ ಗೋಡೆಯ ನಟ್ಟುಗಳು

ಆ ನಟ್ಟುಗಳನ್ನು ನಾನು ಬಿಗಿದಿರಲಿಲ್ಲ, ಶ್ರೀಪಾದ ಅಂಕಲ್. ಒಂದನ್ನೂ ಬಿಗಿದಿರಲಿಲ್ಲ. ನೀವು ಮರೆತದ್ದಲ್ಲ, ನಿಮ್ಮ ತಲೆ ಕೆಟ್ಟದ್ದಲ್ಲ, ವಯಸ್ಸಾದದ್ದೂ ಅಲ್ಲ — ನಾನು ಸುಳ್ಳು ಹೇಳಿದ್ದೆ. ಅದನ್ನೂ ನನ್ನ ದನಿಯಲ್ಲಿ ಹೇಳಲಿಲ್ಲ.

ಫ್ಲವರ್ ಮೌಂಡ್‌ನ ನಿಮ್ಮ ಮನೆಗೆ ಬಂದು, ವತ್ಸಲಾ ಆಂಟಿ ಕೊಡುವ ಚಹಾ ಕುಡಿಯುತ್ತ, ಇದನ್ನು ಮೆಲ್ಲಗೆ ಮುಗಿಸಬಹುದಿತ್ತು. ಆದರೆ ನಿಮ್ಮನ್ನು ನೋಡಿ ನಕ್ಕದ್ದು ಇಡೀ ಸಭೆ. ಆ ಸಭೆಯವರೆಲ್ಲ ಓದುವುದು ನಮ್ಮ ಸಂಘದ ಈ ಸಂಚಿಕೆ. ಸಂಪಾದಕರು ಈ ವರ್ಷವೂ ನನ್ನಿಂದ ನಗೆಬರಹವನ್ನೇ ಕೇಳಿದ್ದರು. ತಗೊಳ್ಳಿ, ನಗಿ.

ನನ್ನನ್ನು ಬಲ್ಲವರಿಗೆ ನನ್ನ ರೋಗವೂ ಗೊತ್ತು. ಇದೇ ಟೆಕ್ಸಸ್‌ನ ಸೈಪ್ರೆಸ್‌ನಲ್ಲಿ ಬೆಳೆದವನು ನಾನು. ಬರೆಯುವ ಕನ್ನಡವನ್ನು ಅಮ್ಮ ಊಟದ ಮೇಜಿನ ಮೇಲೆ ಕಿವಿ ಹಿಂಡಿ ಕಲಿಸಿದಳು. ಆಡುವ ಕನ್ನಡವನ್ನು ಮಾತ್ರ ನಾನು ಕಲಿತದ್ದು ಊರಿನ ಅಂಕಲ್ ಆಂಟಿಯರನ್ನು ಅಣಕಿಸುತ್ತ. ಮೈಸೂರಿನ ರಾಗ, ಉಡುಪಿಯ ಎಳೆತ, ನಿಮ್ಮ ಧಾರವಾಡದ ಗುಡುಗು — ಎಲ್ಲ ಬರುತ್ತದೆ. ಕೋಟು ಹಾಕಿಕೊಂಡು ರೌಂಡ್ ರಾಕ್‌ನ ಆಫೀಸಿಗೆ ಹೋಗುವ ಸ್ಟ್ರಕ್ಚರಲ್ ಇಂಜಿನಿಯರ್ ಕೂಡ ನನ್ನ ಮಿಮಿಕ್ರಿಗಳಲ್ಲಿ ಒಂದು. ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಈ ಕಥೆ.

ಅಂಕಲ್ ಆಗಷ್ಟೇ ರಿಟೈರ್ ಆಗಿದ್ದರು. ನಾನು ಆಸ್ಟಿನ್‌ನಲ್ಲಿ ಓದುತ್ತಿದ್ದೆ. ಊರಿನಿಂದ ದೂರ, ಹುಲ್ಲು ಬೆಳೆಯುವ ಹೊಲಗಳ ನಡುವೆ ಒಂದು ತುಂಡು ಜಾಗ ಕೊಂಡು, ಅಲ್ಲಿ ಒಂದು ಹಾಲ್ ಕಟ್ಟಲು ಹೊರಟರು. ನಾವು ಹಾಲ್ ಅಂದರೆ ಅವರಿಗೆ ಸಿಟ್ಟು. ಅವರಿಗೆ ಅದು ಪಡಸಾಲಿ. ಹಾಡುವವರು ಹಾಡಲಿ, ಇಸ್ಪೀಟು ಆಡುವವರು ಆಡಲಿ, ಬಾಡಿಗೆ ಕೇಳುವವರಿಲ್ಲದ ಒಂದು ಜಾಗ ನಮಗಿರಲಿ ಎಂದು. ಶನಿವಾರಗಳಂದು ನಾವೆಲ್ಲ ಹೋಗಿ ಕೈಜೋಡಿಸುತ್ತಿದ್ದೆವು.

ಮೊದಲು ಎದ್ದದ್ದು ಪಶ್ಚಿಮದ ಗೋಡೆ. ಕಾಂಕ್ರೀಟ್ ನೆಲದಿಂದ ಬೋಲ್ಟುಗಳು ಮೇಲಕ್ಕೆ ಚಾಚಿರುತ್ತವೆ. ಗೋಡೆಯ ಅಡಿಹಲಗೆಯನ್ನು ಅವುಗಳ ಮೇಲೆ ಕೂರಿಸಿ, ನಟ್ ಹಾಕಿ ಬಿಗಿಯಬೇಕು. ಆದರೆ ಶನಿವಾರ ಒಂಬತ್ತಕ್ಕೆ ರಾಹುಕಾಲ. ಅದರೊಳಗೆ ಗೋಡೆ ನಿಲ್ಲಲೇಬೇಕು ಎಂದು ಆಂಟಿ ಹಟ ಹಿಡಿದಿದ್ದರು.

"ಆಂಟಿ, ಇದು ಬೆಂಗಳೂರಿನ ರಾಹುಕಾಲಾನಾ, ಡಲ್ಲಾಸ್‌ದಾ?" ಎಂದೆ.

"ರಾಹುಗ ವೀಸಾ ಬೇಕಾಗೂದಿಲ್ಲೋ, ಗೋಡಿ ಎತ್ತು!" ಎಂದರು.

ಎತ್ತಿದೆವು, ಅಡ್ಡಪಟ್ಟಿ ಬಡಿದು ನಿಲ್ಲಿಸಿದೆವು. ಒಂಬತ್ತಾಯಿತು. ಹತ್ತೂವರೆಯವರೆಗೆ ಯಾರೂ ಹತ್ಯಾರ ಮುಟ್ಟಬಾರದು. ನಟ್ ಬಿಗಿಯುವ ಕೆಲಸ ನನ್ನದು, ಆಮೇಲೆ. ಸರಿ — ಉಪ್ಪಿಟ್ಟು ಬಂತು, ನನ್ನ ಆಟ ಶುರುವಾಯಿತು. ಎಲ್ಲರನ್ನೂ ಅಣಕಿಸಿದೆ. ಊರ ಗಡಿಯ ಆಚೆಗಿನ ಆ ಜಾಗಕ್ಕೆ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಬರುವ ಪದ್ಧತಿಯೇ ಇರಲಿಲ್ಲ. ಇಲ್ಲದ ಆ ಇನ್‌ಸ್ಪೆಕ್ಟರನನ್ನೂ ನಾನು ಹುಟ್ಟಿಸಿದೆ. ಹೊಟ್ಟೆ ಮುಂದೆ, ಹ್ಯಾಟು ಕೆಳಗೆ, ಮೂಗಿನಲ್ಲಿ ಟೆಕ್ಸಸ್. ಜನ ಉಪ್ಪಿಟ್ಟು ನುಂಗಲಾಗದೆ ನಕ್ಕರು. ಹತ್ತೂವರೆ ಆದದ್ದೇ ತಿಳಿಯಲಿಲ್ಲ... ತಿಳಿಯಿತು, ಏಳಲಿಲ್ಲ.

ಆಗಲೇ ಏಣಿಯ ಮೇಲಿಂದ ನೀವು ಕೂಗಿದಿರಿ, ಅಂಕಲ್. "ಆ ಗೋಡಿ ನಟ್ ಬಿಗದ್ಯೇನಪಾ?"

ನಾನು ಹ್ಯಾಟು ಎಳೆದುಕೊಂಡು, ಇನ್‌ಸ್ಪೆಕ್ಟರನ ದನಿಯಲ್ಲಿ, "ಯೆಸ್ಸಾರ್! ಪಾಸ್ಡ್!" ಎಂದೆ.

ಎಲ್ಲರೂ ನಕ್ಕರು. ನೀವೂ ನಕ್ಕಿರಿ, ನಂಬಿದಿರಿ. ಸಂಜೆ ಬಿಗಿದರಾಯಿತು ಎಂದುಕೊಂಡೆ. ಸಂಜೆ ಇನ್ನೊಂದು ಗೋಡೆ ಎದ್ದಿತ್ತು. ಮುಂದಿನ ಶನಿವಾರದಿಂದ ನನಗೆ ಪರೀಕ್ಷೆಗಳು. ಅವೆಲ್ಲ ಮುಗಿದು ನಾನು ಮತ್ತೆ ಬರುವಷ್ಟರಲ್ಲಿ ಒಳಗೆ ಹಲಗೆ ಹೊಡೆದು ಬಣ್ಣ ಬಳಿದಾಗಿತ್ತು. ಬಿಚ್ಚಿಸಬಹುದಿತ್ತು. ಬಾಯಿ ತೆರೆದಿದ್ದರೆ ಸಾಕಿತ್ತು — ನನ್ನ ಬಾಯಿ! ದಿನವಿಡೀ ತೆರೆದೇ ಇರುವ ಬಾಯಿ!

ವರ್ಷಗಳ ನಂತರ ಒಂದು ವಸಂತದಲ್ಲಿ ಆ ಹೊಲಗಳ ಮೇಲೆ ಸುಂಟರಗಾಳಿ ಹಾದುಹೋಯಿತು. ಮರುದಿನ ಹಾನಿ ನೋಡಲು ಹೊರಟ ತಂಡದ ಜೊತೆ ಇಂಜಿನಿಯರಾಗಿ ನಾನೂ ಹೋದೆ. ನಾಯಕಿ ಡೆಬ್ರಾ, ಈ ಕೆಲಸದಲ್ಲೇ ತಲೆ ನರೆಸಿಕೊಂಡವಳು. ಮುಳ್ಳುತಂತಿಯ ತುಂಬ, ಚಳಿ ತಡೆಯಲು ಮನೆಗಳ ಗೋಡೆಯೊಳಗೆ ತುಂಬುವ ಗುಲಾಬಿ ಹತ್ತಿ. ತಗಡಿನ ಹಾಳೆ ಮರಕ್ಕೆ ಸೆರಗಿನಂತೆ ಸುತ್ತಿಕೊಂಡಿತ್ತು. ಮರಗಳೆಲ್ಲ ಒಂದೇ ಕಡೆಗೆ ಮಲಗಿದ್ದರೆ ಬರೀ ಬಿರುಗಾಳಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದರೆ ಸುಂಟರಗಾಳಿ ಎಂದು ಅವಳು ತೋರಿಸುತ್ತ ನಡೆದಳು. ಗಾಳಿಯ ವೇಗವನ್ನು ಅಲ್ಲಿ ಯಾರೂ ಅಳೆದಿರುವುದಿಲ್ಲ. ಏನು ಮುರಿದಿದೆ, ಅದನ್ನು ಹೇಗೆ ಕಟ್ಟಿದ್ದರು ಎಂದು ನೋಡಿ ಊಹಿಸಬೇಕು.

ಹಾಗೆ ನೋಡುತ್ತ ಪಡಸಾಲಿಗೆ ಬಂದೆವು. ಮೂರು ಗೋಡೆಗಳು ಮುರಿದು, ವಾಲಿ, ಹೇಗೋ ನೆಲ ಕಚ್ಚಿಕೊಂಡಿದ್ದವು. ಪಶ್ಚಿಮದ್ದು ಇರಲೇ ಇಲ್ಲ. ಹೊಲದ ಆ ತುದಿಯಲ್ಲಿ, ಅಡಿಹಲಗೆ ಸಮೇತ ಇಡಿಯಾಗಿ ಬಿದ್ದಿತ್ತು. ನೆಲದಲ್ಲಿ ಬೋಲ್ಟುಗಳು ಮಾತ್ರ ನೆಟ್ಟಗೆ ನಿಂತಿದ್ದವು.

ಡೆಬ್ರಾ ಮಂಡಿಯೂರಿ ಒಂದರ ಮೇಲೆ ಬೆರಳಾಡಿಸಿದಳು. "ಇವಕ್ಕೆ ನಟ್ ಹಾಕಿಯೇ ಇಲ್ಲ," ಎಂದಳು. "ಯಾರು ಕಟ್ಟಿದ್ದು?"

ಅಂಕಲ್ ಅಲ್ಲೇ ನಿಂತಿದ್ದರು. ನಾನೂ ನಿಂತಿದ್ದೆ, ತಂಡದ ಹಳದಿ ಜಾಕೆಟ್ ಹಾಕಿಕೊಂಡು. ಅವರು ನನ್ನ ಕಡೆ ನೋಡಲೇ ಇಲ್ಲ. "ನಾನು. ಪ್ರತಿಯೊಂದೂ ನಾನೇ," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಆಂಟಿಯ ಕಡೆ ತಿರುಗಿ, "ಬಿಗದದ್ದು ಪಕ್ಕಾ ನೆನಪದ ವತ್ಸಲಾ... ಆತು ಅಂತ ಅನಕೊಂಡದ್ದು ಸೈತ ನೆನಪದ. ಇಲ್ಲಿ ನೋಡಿದ್ರ ಇಲ್ಲ. ಎಲ್ಲೋ ತಪ್ಪೇದ ನನ್ನ ತಲಿ," ಎಂದರು. ನಾನಂದ 'ಪಾಸ್ಡ್' ಅಷ್ಟು ವರ್ಷಗಳಲ್ಲಿ ಅವರೇ ಬಿಗಿದ ನೆನಪಾಗಿ ಕೂತಿತ್ತು.

ಆಗ ಹೇಳಬಹುದಿತ್ತು. ಎಲ್ಲರ ದನಿ ಬರುವ ನನಗೆ ಆ ಹೊತ್ತು ಯಾರ ದನಿಯೂ ಬರಲಿಲ್ಲ.

ಮುರಿದದ್ದು ಪಡಸಾಲಿ ಮಾತ್ರ ಆಗಿದ್ದರೆ ಮತ್ತೆ ಕಟ್ಟುತ್ತಿದ್ದೆವು. ಅಂದಿನಿಂದ ಅಂಕಲ್ ತಮ್ಮನ್ನು ತಾವು ನಂಬುವುದನ್ನು ಬಿಟ್ಟರು. ಒಲೆ ಆರಿಸಿದೆನಾ ಎಂದು ಅರ್ಧ ದಾರಿಯಿಂದ ಮರಳುವುದು, ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವುದು. ಕೊನೆಗೆ ಕಾರಿನ ಕೀಲಿಯನ್ನು ಆಂಟಿಯ ಕೈಗೆ ಕೊಟ್ಟುಬಿಟ್ಟರು, ತನ್ನಂಥವನು ರಸ್ತೆಯ ಮೇಲಿರಬಾರದೆಂದು. ಡಾಕ್ಟರು ಏನೂ ಇಲ್ಲ ಎಂದರೂ ನಂಬಲಿಲ್ಲ. ಅವರ ಬಳಿ ಪುರಾವೆ ಇತ್ತಲ್ಲ — ನೆಟ್ಟಗೆ ನಿಂತ ಆ ಬೋಲ್ಟುಗಳು.

ಕಳೆದ ಯುಗಾದಿಗೆ ಡಲ್ಲಾಸ್‌ನಲ್ಲಿ ನಾನು ಏನು ಮಾಡಿದೆ ಎಂಬುದನ್ನು ನೀವೆಲ್ಲ ಕಂಡಿದ್ದೀರಿ. "ಶ್ರೀಪಾದ ಅಂಕಲ್ ಮಾಡೋ!" ಎಂದು ಕೂಗಿದಿರಿ. ಮಾಡಿದೆ. ಹಳೆಯ ಗುಡುಗಿನ ಅಂಕಲ್ ಅಲ್ಲ, ಹೊಸಬರು: ಜೇಬು ತಡಕುತ್ತ, "ಬಾಗಿಲಾ ಹಾಕಿದ್ನೇನ ವತ್ಸಲಾ?" ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಅಂಕಲ್ ಕೂಡ ನಕ್ಕರು. ನಕ್ಕು, ಪಕ್ಕದವರನ್ನು ಕೇಳಿದರು: "ನಾ ಹಿಂಗಽ ಆಗೇನೇನ್ರಿ?" ಆಂಟಿ ನೆಲ ನೋಡುತ್ತಿದ್ದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಬಿಡೋ ಪುಟ್ಟ, ಆ ಗಾಳಿಗೆ ನಟ್ ಇದ್ದಿದ್ರೂ ಹಾರ್ತಿತ್ತು. ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದಳು. ಗೆಳೆಯ ಇನ್ನೂ ಜಾಣ: "ಇಂಜಿನಿಯರ್ ಲೈಸೆನ್ಸ್ ಇದೆ ನಿಂಗೆ. ಬರ್ದು ಕೊಡ್ಬೇಡ." ಬರೆದು ಕೊಡುತ್ತಿದ್ದೇನೆ. ತಪ್ಪನ್ನು ಗಾಳಿಯ ಮೇಲೆ ಹಾಕಲಾರೆ, ರಾಹುವಿನ ಮೇಲೆ, ಉಪ್ಪಿಟ್ಟಿನ ಮೇಲೆ, ವಯಸ್ಸಿನ ಮೇಲೆ ಹಾಕಲಾರೆ. ಹಾರುತ್ತಿತ್ತೋ ಇಲ್ಲವೋ ಅದು ಡೆಬ್ರಾಳ ಲೆಕ್ಕ. ಅವಳಿಗೂ ಇದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೇನೆ. ಯಾರಿಗೂ ಏನೂ ಆಗಲಿಲ್ಲ ಎನ್ನುವವರು ಫ್ಲವರ್ ಮೌಂಡ್‌ಗೆ ಹೋಗಿ, ಬೀಗ ಎಳೆದು ನೋಡುತ್ತ ನಿಂತ ಮನುಷ್ಯನನ್ನು ಒಮ್ಮೆ ನೋಡಿ ಬನ್ನಿ.

ಕ್ಷಮಿಸಿ ಎಂದು ಕೇಳುವುದಿಲ್ಲ, ಅಂಕಲ್. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನನಗದು ಬೇಡ. ಬೈಯಿರಿ, ಹಳೆಯ ಗುಡುಗಿನಲ್ಲಿ.

ಈ ಸಂಚಿಕೆ ನಿಮ್ಮ ಕೈ ಸೇರಿದ ವಾರದ ಶನಿವಾರ ಬರುತ್ತೇನೆ. ಒಂಬತ್ತು ಹೊಡೆದ ಮೇಲೆ, ರಾಹುಕಾಲದಲ್ಲೇ. ಆಂಟಿ ಬಾಗಿಲಲ್ಲಿ ತಡೆದರೂ ಸರಿ. ಒಳ್ಳೆಯ ಹೊತ್ತಿಗಾಗಿ ಕಾದು ನಾನು ಮಾಡಿದ್ದು ಸಾಕು. ಆ ಬೋಲ್ಟುಗಳ ಹತ್ತಿರ ಹೋಗೋಣ. ಕಾರು ನೀವು ಓಡಿಸಬೇಕು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಬಾಯಿ ಮುಚ್ಚಿಕೊಂಡು.