ಮುಟ್ಟು ನಿಲ್ಲಿಸಿದ ಗುಳಿಗೆ

ತಂಗಿಯ ಅತ್ತೆ ಒಳ್ಳೆಯವರು. ಕೆಟ್ಟವರಾಗಿದ್ದರೆ ಒಮ್ಮೆ ಬಾಯ್ತುಂಬ ಜಗಳವಾಡಿ ಹಗುರಾಗಬಹುದಿತ್ತು. ನನಗೆ ಅದಕ್ಕೂ ದಾರಿಯಿಲ್ಲ.

ತಂಗಿಗೆ ಇಲ್ಲದ ದನಿಗಳು ಕೇಳುತ್ತಿದ್ದವು. ಬಚ್ಚಲಿಗೆ ಹೋದರೂ ಬಿಡದೆ ಬೈಯುವ ದನಿಗಳು. ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟ ಗುಳಿಗೆಯಿಂದ ಅವು ಅಡಗಿದವು. ಗೋವಿನಕೋವಿ ಎಂಬ ಹಳ್ಳಿಗೆ ಮದುವೆ ಮಾಡಿಕೊಡುವಾಗ ನಾವು ಏನನ್ನೂ ಮುಚ್ಚಿಡಲಿಲ್ಲ. ದಿನಾ ಊಟವಾದ ಮೇಲೆ ಅತ್ತೆಯೇ ಮುಂದೆ ನಿಂತು ನುಂಗಿಸುತ್ತಿದ್ದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ಚನ್ನಗಿರಿಯ ನನ್ನ ಮನೆಯಲ್ಲಿ ಕೂತು ನಾನು ಬೀಗಿದ್ದೇ ಬೀಗಿದ್ದು.

ವರ್ಷದೊಳಗೆ ಅವಳ ಮುಟ್ಟು ನಿಂತಿತು. ಆಮೇಲೆ ರವಿಕೆ ಒದ್ದೆಯಾಗತೊಡಗಿತು, ಎದೆಯಲ್ಲಿ ಹಾಲು. ಅತ್ತೆಗೆ ಬೇರೆ ಪರೀಕ್ಷೆ ಯಾಕೆ ಬೇಕು? ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊಸಿಲು ದಾಟಬಾರದು ಎಂಬುದು ಆ ಮನೆಯ ನಡಾವಳಿ, ದೃಷ್ಟಿಯಾಗುತ್ತದಂತೆ. ಹಾಗಾಗಿ ತವರಿಗೆ ಹೇಳಲಿಲ್ಲ, ಡಾಕ್ಟರಿಗಂತೂ ಇಲ್ಲವೇ ಇಲ್ಲ. ತಲೆಯ ಗುಳಿಗೆ ಕೂಸಿಗೆ ಆಗದು ಎಂದು ತಾವೇ ನಿಲ್ಲಿಸಿದರು. ಕೈತುಂಬ ಹಸಿರು ಬಳೆ ತೊಡಿಸಿದರು. ತಂಗಿಯೂ ನಂಬಿದಳು. ಮಗು ಬೇಕೆಂದು ಅವಳಷ್ಟು ಆಸೆಪಟ್ಟವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅವಳ ಗಂಡ ಫೋನ್ ಮಾಡುವ ಹೊತ್ತಿಗೆ ಅವಳು ಗೋಡೆಯ ಜೊತೆ ಮಾತಾಡುತ್ತಿದ್ದಳು, ಊಟ ಬಿಟ್ಟಿದ್ದಳು. ಸಿಕ್ಕ ಬಸ್ಸು ಹತ್ತಿ ಹೋಗಿ ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದೆ. ಸ್ಕ್ಯಾನಿಂಗಿನಲ್ಲಿ ಕೂಸು ಇರಲಿಲ್ಲ.

ಡಾಕ್ಟರು ಆಗ ಬಿಡಿಸಿ ಹೇಳಿದರು. ಮೆದುಳಿನಲ್ಲಿ ಡೋಪಮಿನ್ ಅನ್ನುವುದರ ಆಟ ಹೆಚ್ಚಾದಾಗ ಇಂಥ ದನಿಗಳು ಕೇಳಬಹುದು, ಗುಳಿಗೆ ಅದನ್ನು ತಡೆಯುತ್ತದೆ. ಆದರೆ ಎದೆಹಾಲಿನ ಹಾರ್ಮೋನನ್ನು ಅಂಕೆಯಲ್ಲಿಡುವುದೂ ಅದೇ ಡೋಪಮಿನ್. ಅದನ್ನು ತಡೆದರೆ ಕೆಲವರಲ್ಲಿ ಆ ಹಾರ್ಮೋನ್ ಏರಿ ಮುಟ್ಟು ನಿಲ್ಲುತ್ತದೆ, ಹಾಲೂ ಬರುತ್ತದೆ. ಕೆಲವರಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ತೋಟದ ಒಂದು ಮೂಲೆಯಲ್ಲಿ ನೀರು ನಿಂತಿತೆಂದು ಮೇನ್ ವಾಲ್ವನ್ನೇ ಮುಚ್ಚಿ ಇಡೀ ತೋಟ ಒಣಗಿಸಿದ ಹಾಗೆ! ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ.

"ಎಲ್ಲರಿಗೂ ಹಂಗಾಗಲ್ಲಮ್ಮ. ಎಲ್ಲಾ ಹೇಳಾಕೆ ಹೋದ್ರೆ ಹೆದರಿ ಯಾರೂ ನುಂಗಲ್ಲ," ಎಂದರು.

ಹೇಳದೆ ಇದ್ದುದಕ್ಕೇ ಇವಳು ನುಂಗುವುದು ನಿಂತಿತಲ್ಲ! ನಿಜವಾಗಿ ಬಸಿರಾದರೂ ತಾನಾಗಿ ನಿಲ್ಲಿಸಬಾರದು, ಬಂದು ಕೇಳಬೇಕು ಎಂಬ ಮಾತೂ ಅವರ ಬಾಯಿಂದ ಹೊರಟಿದ್ದು ಅವತ್ತೇ. ಗುಳಿಗೆ ಬದಲಿಸಿದರು. ಹೊಸದರ ಪ್ರತಾಪವೇ ಬೇರೆ. ಹಗಲೆಲ್ಲ ತೂಕಡಿಕೆ, ತೀರದ ಹಸಿವು, ಮದುವೆಯ ರವಿಕೆಗಳು ಒಂದೂ ಮೈಗೆ ಹತ್ತವು. ಮುಟ್ಟೇನೋ ಬಂತು.

ಅವಳ ಬಟ್ಟೆಬರೆ ತರಲು ಹೋದಾಗ ಅತ್ತೆಯನ್ನು ಗದರಲೆಂದೇ ಬಾಯಿ ತೆರೆದೆ. ಅವರು ಸೆರಗಿನಿಂದ ಕಣ್ಣೊತ್ತಿಕೊಂಡು, "ಎದೆಯಾಗೆ ಹಾಲೇ ಬಂದಿತ್ತಲ್ಲವ್ವಾ, ಹಾಲು ಸುಳ್ಳು ಹೇಳ್ತೈತಾ?" ಎಂದರು. ಬೈಗುಳ ನುಂಗಿ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದೆ; ಆ ಸಿಟ್ಟು ಈಗಲೂ ನನ್ನೊಳಗೇ ಇದೆ.

ತಂಗಿ ಈಗ ನನ್ನ ಮನೆಯಲ್ಲಿದ್ದಾಳೆ. ಮೊನ್ನೆ ಸೊಪ್ಪು ಸೋಸುತ್ತಾ ಕೂತಿದ್ದಾಗ, ದನಿಗಳು ಪೂರ್ತಿ ನಿಂತವೇ ಎಂದು ಕೇಳಿದೆ.

"ಮೊದಲಿನವು ಬೈತಿದ್ವು ಅಕ್ಕ, ಅವು ಹೋಗಿದ್ದಕ್ಕೆ ಬ್ಯಾಸರಿಲ್ಲ," ಎಂದಳು. "ಈ ಸಲ ಬಂದಿದ್ದು ನನ್ನನ್ನ 'ಅವ್ವಾ' ಅಂತ ಕರೀತಿತ್ತು."

ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಇವತ್ತಿನ ಗುಳಿಗೆ ಕೊಡು ಎಂದು ಕೈ ಚಾಚಿದಳು.