ಮಾಮಾಗೆ ಎಷ್ಟು ತಾಟು?

ಡಾಂಬರು ಗುಳಿಗೆಯ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ತಿಳಿಯದು. ನನಗಂತೂ ನನ್ನ ಬುದ್ಧಿ ನೆನಪಾಗುತ್ತದೆ.

ಹೋದ ವಾರ ಭೋಜ ಎಂಬ ಊರಿಗೆ, ಅಕ್ಕನ ಮನೆಗೆ ಹೋದಾಗ ಅಂಗಳದಲ್ಲಿ ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಬುಟ್ಟಿ ಇಳಿಸಿ ಕುಳಿತಿದ್ದಳು. ಅಕ್ಕ ಟ್ರಂಕಿನ ತಳದಿಂದ ಡಾಂಬರು ಗುಳಿಗೆ ನಾರುವ ಮಾಮಾನ ಮದುವೆ ಕೋಟು ತೆಗೆದು ಅವಳ ಮುಂದೆ ಹರವಿದ್ದಳು. ಎತ್ತಿನ ಹಲ್ಲು ನೋಡುವಂತೆ ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ನೋಡಿ, "ಒಂದ ತಾಟ ಬರತೈತಿ ನೋಡವ್ವಾ" ಎಂದಳು.

ತಾಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೋಟು ಕಸಿದು ನಾನೇ ಹಾಕಿಕೊಂಡೆ. ಗುಂಡಿ ಹೊಟ್ಟೆಯವರೆಗೆ ಬಂದು, ಮುಂದೆ ಹೋಗಲು ಒಪ್ಪಲಿಲ್ಲ. ಒಪ್ಪದಿದ್ದರೆ ಬಿಡಿ. ಇದು ನನ್ನ ಬುದ್ಧಿಗೆ ಸಾಕ್ಷಿ ನುಡಿದ ಕೋಟು, ಅದಕ್ಕೆ ಅಷ್ಟು ಸೊಕ್ಕು ಇರಲಿ.

ಆಗ ನಾನು ನಿಪ್ಪಾಣಿಯಲ್ಲಿ ಏಳನೇ ಇಯತ್ತೆ. ಓದಿನಲ್ಲಿ ಅಷ್ಟಕ್ಕಷ್ಟೆ, ಕಂಡವರ ದನಿ ತೆಗೆಯುವುದರಲ್ಲಿ ಪಂಡಿತ. ಹೆಡ್‌ಮಾಸ್ತರರ ಕೆಮ್ಮು, ಕಂಡಕ್ಟರರ "ಚಿಕ್ಕೋಡಿ ಚಿಕ್ಕೋಡಿ ಚಿಕ್ಕೋಡಿ", ಎಮ್ಮೆಯ ಆಕಳಿಕೆ, ಎಲ್ಲ ಬರುತ್ತಿದ್ದವು. ನನ್ನದೇ ದನಿ ಯಾವುದೆಂಬುದು ಮಾತ್ರ ಮರೆತುಹೋಗಿತ್ತು. ಆ ವರ್ಷದ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನನಗೆ ಮೊದಲ ಸಲ ವೇದಿಕೆ ಸಿಗುವುದಿತ್ತು. ಅಷ್ಟರಲ್ಲಿ ನಮ್ಮ ಬುದ್ಧಿ ಅಳೆದು ಅ ತುಕಡಿ, ಬ ತುಕಡಿ ಮಾಡುತ್ತಾರೆಂದು ಸುದ್ದಿ ಬಂತು. ಬ ತುಕಡಿಯವರಿಗೆ ಗ್ಯಾದರಿಂಗ್ ಇಲ್ಲ. ಆ ಹೊತ್ತಿನಲ್ಲಿ ಅವರು ಪಾಠ ಓದಬೇಕು.

ಅಳೆಯಲು ಗಡಿಯಾಚೆಯಿಂದ ಒಬ್ಬ ಸಾಹೇಬರು ಬಂದರು. ಒಳ್ಳೆಯ ಕನ್ನಡವೇ, ತಾಳ್ಮೆ ತಪ್ಪಿದಾಗ ಮಾತ್ರ ಮರಾಠಿ. ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಓದುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಇದು: ರಮೇಶನ ಮನೆಗೆ ಅವನ ತಾಯಿಯ ತಮ್ಮ ಬಂದರು, ಅಕ್ಕನ ಗಂಡ ಬಂದರು. ರಮೇಶನೂ ಜೊತೆಗೆ ಊಟಕ್ಕೆ ಕುಳಿತ. ಎಷ್ಟು ತಾಟು ಹಾಕಬೇಕು?

"ಎರಡ್ರಿ ಸರ್."

"ವಿಚಾರ ಕರ ಬಾಳಾ, ವಿಚಾರ ಕರ."

ವಿಚಾರ ಮಾಡಿದಂತೆ ಮುಖ ಮಾಡಿದೆ. "ಎರಡಽ ರೀ. ರಮೇಶಗೊಂದು, ಮಾಮಾಗೊಂದು."

"ಮತ್ತ ಅಕ್ಕನ ಗಂಡ? ಅವರಿಗೇನು ಉಪವಾಸ?"

"ಉಪಾಸ ಯಾಕ್ರಿ? ಅವರು ಮಾಮಾನ ತಾಟನ್ಯಾಗಽ ಉಣ್ತಾರಲ್ಲ."

"ಇಬ್ಬರೂ ಒಂದ ತಾಟನ್ಯಾಗ?"

"ಇಬ್ರ ಎಲ್ಲಿ ಅದಾರ್ರಿ ಸರ್? ಒಬ್ಬರಽ ಅದಾರ."

ಸಾಹೇಬರು ಚಾಳೀಸು ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ ಕೆಂಪು ಪೆನ್ಸಿಲಿನಿಂದ ಒಂದು ಸೊನ್ನೆ ಬರೆದರು. ಎಷ್ಟು ದುಂಡಗಿತ್ತೆಂದರೆ, ಅಂಥ ಸೊನ್ನೆ ಬರೆಯಲೂ ಬುದ್ಧಿ ಬೇಕು.

ನೀವೂ ಚಾಳೀಸು ಒರೆಸುತ್ತಿದ್ದರೆ ಹೇಳಿಬಿಡುತ್ತೇನೆ. ನಮ್ಮ ಅವ್ವನ ಕಡೇ ತಮ್ಮನಿಗೇ ಅಕ್ಕನನ್ನು ಕೊಟ್ಟಿತ್ತು. ತಾಯಿಯ ತಮ್ಮನೂ ಅವನೇ, ಅಕ್ಕನ ಗಂಡನೂ ಅವನೇ. ಸಾಹೇಬರ ಕಡೆ ಮಾಮಾನ ಮಗಳನ್ನು ತರುತ್ತಾರೆ, ಅಕ್ಕನ ಮಗಳನ್ನು ತರುವುದಿಲ್ಲ. ಪ್ರಶ್ನೆ ಬರೆದವರ ಪಡಸಾಲೆಯಲ್ಲಿ ಆ ಮೂಲೆಗೊಬ್ಬ, ಈ ಮೂಲೆಗೊಬ್ಬ ಕುಳಿತಿರುತ್ತಾರೆ. ನಮ್ಮಲ್ಲಿ ಮಾಮಾ ಒಬ್ಬನೇ ಕುಳಿತು ಎರಡೂ ಮೂಲೆ ತುಂಬಿರುತ್ತಾನೆ.

ಅರ್ಧ ಮಾರ್ಕು ಕಡಿಮೆ ಬಿದ್ದು ನಾನು ಬ ತುಕಡಿಗೆ ಬಿದ್ದೆ. ಮನೆಗೆ ಬಂದು ಅತ್ತುಬಿಟ್ಟೆ. ಯಾರದೋ ಅಳುವನ್ನು ತೆಗೆಯುತ್ತಿದ್ದಾನೆಂದು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಇನ್ನೊಮ್ಮೆ ತೆಗಿ ಎಂದರು. ಭೋಜದಿಂದ ಫೋನಿನಲ್ಲಿ ಕೇಳಿಸಿಕೊಂಡ ಅಕ್ಕ ಮಾತ್ರ, "ನಗಬ್ಯಾಡ್ರಿ, ಇದು ಅವನಽ ಅಳು" ಎಂದಳು.

ಮರುದಿನ ಸುಡು ಬಿಸಿಲಿನಲ್ಲಿ ಮದುವೆ ಕೋಟು ತೊಟ್ಟ ಮಾಮಾ, ಹಿಂದೆ ಬುತ್ತಿ ಹಿಡಿದ ಅಕ್ಕನನ್ನು ಕೂರಿಸಿಕೊಂಡು ಮೋಟಾರ್‌ಸೈಕಲ್ಲಿನ ಮೇಲೆ ಶಾಲೆಗೆ ಬಂದ. ಸಾಹೇಬರ ಮುಂದೆ ನಿಂತು ಕೈಮುಗಿದು, "ಸರ್, ನಾನಽ ರೀ ಅವರಿಬ್ರೂ" ಎಂದ.

ಅಕ್ಕ ವಾದಕ್ಕೆ ಹೋಗಲಿಲ್ಲ. ವರಾಂಡದಲ್ಲಿ ತಾಟು ಹಾಕಿದಳು. ನನಗೊಂದು, ಮಾಮಾಗೊಂದು, ಸಾಹೇಬರಿಗೊಂದು. "ಕೂಡ್ರಿ ಸರ್. ನೀವು ಕುಂತ್ರ ಮೂರ ತಾಟ ಆಗ್ತಾವ. ನಿಮ್ಮ ಉತ್ತರಾನೂ ಬರೋಬರಿ ಆತು."

ಸಾಹೇಬರು ನಕ್ಕು ಕುಳಿತರು. ಝುಣಕ, ರೊಟ್ಟಿ, ಗಟ್ಟಿ ಮೊಸರು. ಮಾಮಾನ ಊಟ ನೋಡಿ, ಒಳಗೆ ಇಬ್ಬರಿದ್ದಾರೆಂಬ ಅನುಮಾನ ಅವರಿಗೆ ಮತ್ತೆ ಬಂದಿರಬೇಕು. ಕೈ ತೊಳೆದು ಸೊನ್ನೆಯನ್ನು ಹೊಡೆದುಹಾಕಿ ಅರ್ಧ ಮಾರ್ಕು ಬರೆದರು. "ಪ್ರಶ್ನೆ ನಾ ಬರದದ್ದಲ್ಲ ಬಾಳಾ, ಛಾಪಿಸಿ ಬಂದದ್ದು. ಅರ್ಧ ನಿಂದು, ಅರ್ಧ ಛಾಪಿಸಿದವರದು."

ಆ ಅರ್ಧ ಬುದ್ಧಿಯ ಮೇಲೆಯೇ ನಾನು ಈವರೆಗೆ ದಿನ ದೂಡುತ್ತ ಬಂದಿದ್ದೇನೆ. ಗ್ಯಾದರಿಂಗಿನಲ್ಲಿ "ವಿಚಾರ ಕರ ಬಾಳಾ" ಎಂದು ಸಾಹೇಬರ ದನಿ ತೆಗೆದಾಗ ಸೀಟಿಗಳ ಸುರಿಮಳೆ. ಸೀಟಿ ನಿಂತಾಗ ಬ ತುಕಡಿಯ ಕೋಣೆಯಿಂದ ಪಾಠ ಓದುವ ದನಿಗಳು ಕೇಳಿಸಿದವು. ಅವರ ತಪ್ಪು ಉತ್ತರಗಳ ಹಿಂದೆ ಎಂಥೆಂಥ ಮನೆಗಳಿದ್ದವೋ. ಬುತ್ತಿ ಕಟ್ಟಿಕೊಂಡು ಬಂದು ಹೇಳುವವರು ಯಾರೂ ಬರಲಿಲ್ಲ.

ಕೋಟಿನೊಳಗೆ ಬೆವರುತ್ತ ಇಷ್ಟು ನೆನೆಯುವಷ್ಟರಲ್ಲಿ ಅಕ್ಕನ ಮಗ ಶಾಲೆಯಿಂದ ಬಂದು ಚೀಲ ಒಗೆದ.

"ಮಾಮಾ, ನಾಳಿ ನಮ್ಮ ಸಾಲ್ಯಾಗ ಬುದ್ಧಿ ಪರೀಕ್ಷಿ ಐತಿ. ಕಂಪ್ಯೂಟರಽ ಕೇಳ್ತೈತಂತ."

"ಅದು ತಪ್ಪು ಅಂದ್ರ?" ಎಂದೆ.

"ಅಂದ್ರ ತಪ್ಪಽ. ಅದು ಯಾರ ಮಾತೂ ಕೇಳೂದಿಲ್ಲ."

ಅದರ ದನಿ ತೆಗೆದು ಅವನನ್ನು ನಗಿಸೋಣವೆಂದು ಬಾಯಿ ತೆರೆದೆ. ಕೆಮ್ಮಿಲ್ಲ, ಚಾಳೀಸಿಲ್ಲ, ಹೊಟ್ಟೆಯೇ ಇಲ್ಲದ್ದರ ದನಿ ಹೇಗೆ ತೆಗೆಯುವುದು? ಅಕ್ಕ ಮಗನನ್ನು ನೋಡಿದಳು, ಕೋಟನ್ನು ನೋಡಿದಳು. ನನ್ನ ಮೈಯಿಂದ ಅದನ್ನು ಬಿಚ್ಚಿಸಿ ಗೂಟಕ್ಕೆ ತೂಗುಹಾಕಿ, "ಇದನ್ನ ಕೊಡೂದಿಲ್ಲವ್ವಾ. ಇದಕ್ಕ ಇನ್ನೂ ಕೆಲಸ ಐತಿ" ಎಂದಳು.

ಬುಟ್ಟಿ ಎತ್ತಿಕೊಂಡು ಹೊರಟವಳನ್ನು ನಾನು ತಡೆದು, ರೊಕ್ಕ ಕೊಟ್ಟೇ ಒಂದು ತಾಟು ಕೊಂಡೆ. ಕಂಪ್ಯೂಟರ್ ಊಟಕ್ಕೆ ಕೂಡುವುದಿಲ್ಲ, ಗೊತ್ತು. ಆದರೆ ಅದನ್ನು ಹೊತ್ತು ತಂದವರು ಯಾರಾದರೂ ಇರುತ್ತಾರಲ್ಲ. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಹಸಿವಾಗಲೇಬೇಕು.