ಬೆನ್ನ ಮೇಲಿನ ಎಂಜಿನ್

ಹಳೆಯ ಫೋಟೋಗಳಲ್ಲಿರುವ ಸೈನ್ಯದ ವಿಮಾನಗಳನ್ನು ಗುರುತಿಸುವುದು ನನ್ನ ಹವ್ಯಾಸ. ಮೂಡಿಗೆರೆಯಲ್ಲಿ ಕೂತು ಮಾಡುವ ಕೆಲಸವೇ ಇದು ಎಂದು ಕೆಲವರು ಕೇಳಿದ್ದಾರೆ. ಇಲ್ಲಿ ವಿಮಾನ ಕಾಣುವುದು ಬಿಳಿ ಗೆರೆಯಾಗಿ, ಅದೂ ಮೋಡವಿಲ್ಲದ ತಿಂಗಳುಗಳಲ್ಲಿ. ಇದು ಹೇಗೆ ಹತ್ತಿತು ಎಂದು ಕೇಳಿದವರಿಗೆ, ಚಿಕ್ಕಂದಿನಲ್ಲಿ ಅಪ್ಪ ತರಿಸುತ್ತಿದ್ದ ವಾರಪತ್ರಿಕೆಯಿಂದ ವಿಮಾನಗಳ ಚಿತ್ರ ಕತ್ತರಿಸಿ ಅಂಟಿಸುತ್ತಿದ್ದೆ ಎಂದು ಹೇಳುತ್ತೇನೆ. ಕತ್ತರಿಸುತ್ತಿದ್ದವಳು ತಾನು, ನಾನು ಬರೀ ಗೋಂದು ಹಚ್ಚುತ್ತಿದ್ದೆ ಎಂದು ಅಕ್ಕ ಹೇಳುತ್ತಾಳೆ. ಯಾರದು ಸರಿ ಎಂದು ನೋಡಲು ಈಗ ಏನೂ ಉಳಿದಿಲ್ಲ. ಅಂಟಿಸಿದ್ದೆಲ್ಲ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯಿತು.

ಫೋನಿನಲ್ಲಿ ನಮ್ಮಂಥವರದೊಂದು ಗುಂಪಿದೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು, ಗುಜರಿಯಲ್ಲಿ ಸಿಕ್ಕಿದ್ದು, ಹೀಗೆ ಎಲ್ಲೆಲ್ಲಿಂದಲೋ ಫೋಟೋಗಳು ಬರುತ್ತವೆ. ಮನೆಯವರ ಕಥೆಯೂ ಜೊತೆಗೆ ಬರುತ್ತದೆ. ಮೂತಿಯಲ್ಲಿ ಒಂದು ಫ್ಯಾನ್ ಇದ್ದರೆ ಸಾಕು, ಮನೆಯವರಿಗೆ ಅದು ಸ್ಪಿಟ್‌ಫೈರ್ ಎಂಬ ಹೆಸರಾಂತ ಯುದ್ಧವಿಮಾನ. ಹಾಗೆ ಬಂದ ಒಂದು ಫೋಟೋದಲ್ಲಿ ನಿಜವಾಗಿ ಇದ್ದದ್ದು ವೆಂಜನ್ಸ್ ಎಂಬ ಬಾಂಬರ್. ಅದರ ರೆಕ್ಕೆ ಮುರಿದು ಮತ್ತೆ ಜೋಡಿಸಿದಂತೆ ಸೊಟ್ಟಗಿರುತ್ತದೆ, ಈಗ ಅದನ್ನು ನೋಡಿದವರೇ ಅಪರೂಪ. ಇಂಥದ್ದರಿಂದ ನಾನು ಕಲಿತದ್ದು ಒಂದೇ ನಿಯಮ: ಮೊದಲು ವಿಮಾನ ನೋಡಬೇಕು, ಕಥೆ ಆಮೇಲೆ ಕೇಳಬೇಕು. ಕಥೆ ಮೊದಲು ಕಿವಿಗೆ ಬಿದ್ದರೆ ಕಣ್ಣು ಅದರ ಹಿಂದೆ ಹೋಗುತ್ತದೆ.

ಕಳೆದ ಜನವರಿಯಲ್ಲಿ ಬಂದ ಫೋಟೋದ ಮಟ್ಟಿಗೆ ಈ ನಿಯಮ ಪಾಲಿಸಲು ಆಗಲಿಲ್ಲ. ಅದು ನನ್ನ ಸೋದರಮಾವನದು. ಕಥೆಯನ್ನು ನಾನು ಮೊದಲೇ ಕೇಳಿದ್ದೆ. ಅಥವಾ ಕೇಳಿದ್ದೆ ಎಂದುಕೊಂಡಿದ್ದೆ.

ಮಾವ ಪ್ರಾಯದಲ್ಲಿ ವಾಯುಪಡೆಯಲ್ಲಿ ಫಿಟರ್ ಆಗಿದ್ದವರು. ಆಮೇಲೆ ಬಾಳೂರಿನ ಹತ್ತಿರ ತಮ್ಮ ಪಾಲಿನ ತೋಟಕ್ಕೆ ವಾಪಸು ಬಂದರು. ಈಗ ಮಗ ತೋಟ ನೋಡಿಕೊಳ್ಳುತ್ತಾನೆ. ಊರಿನ ಹೊಸ ಸಮುದಾಯ ಭವನದ ಗೋಡೆಗೆ, ಸೈನ್ಯದಲ್ಲಿದ್ದ ಊರವರ ಹಳೆಯ ಫೋಟೋಗಳನ್ನು ಹಾಕುವುದೆಂದು ತೀರ್ಮಾನವಾಗಿತ್ತು. ಮಾವನ ಸೊಸೆ ಮನೆಯಲ್ಲಿ ಫ್ರೇಮ್ ಹಾಕಿಟ್ಟಿದ್ದ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನನಗೆ ಕಳಿಸಿದಳು. ಯಾವ ವಿಮಾನ, ಎಂಥದು ಎಂದು ಕೆಳಗೆ ಹಾಕಲು ಎರಡು ಸಾಲು ಬರೆದುಕೊಡಬೇಕಂತೆ.

ಗುರುತಿಸುವುದು ಕಷ್ಟವಿರಲಿಲ್ಲ. ನಡುವೆ ಗೂಡ್ಸ್ ಡಬ್ಬಿಯಂಥ ಒಡಲು, ಅದರ ಎರಡು ಪಕ್ಕದಿಂದ ಹಿಂದಕ್ಕೆ ಚಾಚಿದ ಎರಡು ಬಾಲ. ಪ್ಯಾಕೆಟ್ ಎಂಬ ಸರಕು ವಿಮಾನ. ರೆಕ್ಕೆಗೊಂದರಂತೆ ಎರಡು ಎಂಜಿನ್. ಬಾಲದ ಹತ್ತಿರ ಕೈ ಕಟ್ಟಿ ನಿಂತ ತೆಳ್ಳಗಿನ ಯುವಕ ಮಾವ.

ಆದರೆ ಮಾವ ಹೇಳುತ್ತಿದ್ದ ವಿಮಾನಕ್ಕೆ ಮೂರು ಎಂಜಿನ್ ಇತ್ತು. ಮೂರನೆಯದು ಬೆನ್ನ ಮೇಲೆ. ಮದುವೆ ಮನೆಗಳಲ್ಲಿ ಊಟ ಆದಮೇಲೆ ಅವರು ಇದನ್ನು ಹೇಳುತ್ತಿದ್ದದ್ದು, ಸುತ್ತ ಕೂತವರು ನಗುತ್ತಿದ್ದದ್ದು ನನಗೆ ನೆನಪಿದೆ. ಅದು ಸುಳ್ಳಾಗಬೇಕಿಲ್ಲ ಎಂದೂ ನನಗೆ ಗೊತ್ತು. ಹಿಮಾಲಯದ ಎತ್ತರದ ನೆಲೆಗಳಿಂದ ಭಾರ ಹೊತ್ತು ಏರಲು ಕಷ್ಟವಾಗುತ್ತದೆಂದು ನಮ್ಮ ದೇಶದ ಕೆಲವು ಪ್ಯಾಕೆಟ್‌ಗಳ ಬೆನ್ನಿಗೆ ಒಂದು ಚಿಕ್ಕ ಜೆಟ್ ಎಂಜಿನ್ ಕೂರಿಸಿದ್ದರು. ಹೊರದೇಶದ ಹವ್ಯಾಸಿಗಳು ಅಂಥ ಫೋಟೋಗಾಗಿ ಹುಡುಕಾಡುತ್ತಾರೆ. ಮಾವನ ಫೋಟೋದಲ್ಲಿ ಮಾತ್ರ ಬೆನ್ನು ಬೋಳಾಗಿತ್ತು. ಹಾಗಾದರೆ ಮಾವ ಹಾಗೆ ಹೇಳಿದ್ದು ನಿಜವೇ? ಅಥವಾ ಎಷ್ಟೋ ವರ್ಷಗಳ ನಂತರ ನಾನು ಓದಿದ್ದನ್ನು ಹಿಂದಕ್ಕೆ ಒಯ್ದು ಮಾವನ ಬಾಯಲ್ಲಿ ಇಟ್ಟೆನೇ? ನನ್ನ ತಲೆ ಇಂಥ ಕೆಲಸ ಮಾಡುತ್ತದೆ. ಹಾಗಾಗಿ ಸೊಸೆಗೆ ಎರಡು ಸಾಲು ಕಳಿಸದೆ, ನಾನೇ ಬರುತ್ತೇನೆ ಎಂದೆ.

ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆ. ಹೋಟೆಲಿನ ಮೂಲೆಯ ಬೆಂಚಿನಲ್ಲಿ ರೈಟರ್ ಕೂತಿದ್ದರು. ಎಸ್ಟೇಟಿನ ಲೆಕ್ಕ ನೋಡಿಕೊಂಡಿದ್ದು ನಿವೃತ್ತರಾದವರು, ಮಾವನ ಓರಗೆಯವರು, ಮಾವನನ್ನು ಗೇಲಿ ಮಾಡುವುದನ್ನು ಮಾತ್ರ ಇನ್ನೂ ನಿಲ್ಲಿಸದವರು. ವಿಷಯ ತೆಗೆಯುವ ಮೊದಲು, ನಾನಾಗಿ ಎಂಜಿನ್ ಎಂಬ ಶಬ್ದ ಆಡಬಾರದು ಎಂದುಕೊಂಡೆ.

"ರೈಟ್ರೇ, ನಮ್ಮ ಮಾವ ವಿಮಾನದ ಕಥೆ ಹೇಳ್ತಿದ್ರಲ್ಲ, ನಿಮಗೆ ನೆನಪುಂಟಾ?"

"ಯಾವ್ದು, ಪಲ್ಪರ್ ವಿಮಾನನಾ?" ರೈಟರ್ ಲೋಟ ಕೆಳಗಿಟ್ಟರು. "ಬೆನ್ನ ಮೇಲೆ ಇನ್ನೊಂದು ಎಂಜಿನ್ ಇತ್ತು ಅಂತಿದ್ದ. ನಾನು ಕೇಳ್ದೆ, ಎಂತ ಮಾರಾಯ, ಕಾಫಿ ಪಲ್ಪರ್ ಎಂಜಿನ್ ಎತ್ತಿ ಕಟ್ಟಿದ್ರಾ? ಹಾರ್ತಾ ಹಾರ್ತಾ ಹಣ್ಣು ಸುಲೀತಿತ್ತಾ ಅಂದೆ. ಆಮೇಲೆ ಒಂದ್ಸಲ ಅವ್ನ ಮನೆಗೆ ಹೋಗಿ ಫೋಟೋ ನೋಡಿದ್ರೆ, ಬೆನ್ನ ಮೇಲೆ ಒಂದು ಕಾಗೆನೂ ಕೂತಿಲ್ಲ! ಅವತ್ತಿಂದ ಬಾಯಿ ಬಂದ್. ಈಗ ಕೇಳಿದ್ರೂ ಹೇಳಲ್ಲ ಪಾಪ."

ನನ್ನ ನೆನಪಿಗೆ ಸಾಕ್ಷಿ ಸಿಕ್ಕಿತು. ಮಾವ ಹೇಳಿದ್ದು ನಿಜ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಹೇಳಿದ್ದರು ಎಂಬುದಕ್ಕೆ ಮಾತ್ರ.

ಮಾವ ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು, ಒಣಗಲು ಹರವಿದ್ದ ಕಾಫಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನನ್ನು ನೋಡಿ, "ಎಂತ ಮಾರಾಯ್ತಿ, ಎರಡು ಸಾಲಿಗೆ ಇಲ್ಲೀವರೆಗೆ ಬಂದ್ಯಾ? ಫೋನಲ್ಲಿ ಕಳಿಸಿದ್ರೆ ಆಗ್ತಿರ್ಲಿಲ್ವ?" ಎಂದರು.

"ಮಾವ, ಅದ್ರ ಬೆನ್ನ ಮೇಲೊಂದು ಎಂಜಿನ್ ಇತ್ತು ಅಂತ ನೀವು ಹೇಳ್ತಿದ್ರಿ."

"ನಾನಾ? ಇಲ್ಲಪ್ಪ. ಎರಡೇ ಎಂಜಿನ್. ಫೋಟೋ ಅಲ್ಲೇ ಇದ್ಯಲ್ಲ, ನೋಡು."

ಸೊಸೆ ಫ್ರೇಮನ್ನು ಗೋಡೆಯಿಂದ ಇಳಿಸಿ ತಂದಳು. ಮಾವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಬೇರೆ ದನಿಯಲ್ಲಿ ಹೇಳಿದರು.

"ಮೊದ್ಲು ಹೇಳ್ತಿದ್ದೆ, ಸುಳ್ಳಲ್ಲ. ಆದ್ರೆ ದಿನಾ ಇದನ್ನ ನೋಡ್ತೀನಲ್ಲ, ಇಲ್ಲಿ ಇಲ್ಲ. ಇಲ್ದಿದ್ದು ನನ್ನ ತಲೇಲಿ ಎಲ್ಲಿಂದ ಬಂತು? ಯಾರೋ ಹೇಳಿದ್ದನ್ನ ನಂದು ಅಂದ್ಕೊಂಡ್ನೇನೋ. ಕೆಲವು ಸಲ ಅನ್ಸುತ್ತೆ, ಎಂಜಿನ್ನೇ ಸುಳ್ಳಾದ್ರೆ ಲೇಹ್‌ಗೆ ಹೋಗಿದ್ದೂ ಸುಳ್ಳಾ? ಅಲ್ಲಿ ಕೈ ಮರಗಟ್ಟಿ ಸ್ಪಾನರ್ ಬಿದ್ದಿದ್ದೂ ಸುಳ್ಳಾ? ರೈಟ್ರು ನಗ್ತಾನೆ, ನಗ್ಲಿ. ನನಗೇ ಗೊತ್ತಾಗ್ದೆ ಇದ್ರೆ ಎಂತ ಮಾಡೋದು?"

ನಾನು ಸಮಾಧಾನ ಹೇಳಲಿಲ್ಲ. ಏನು ಹೇಳಿದರೂ ಅದು ಅವರ ನೆನಪಿಗೆ ಸೇರಿಕೊಳ್ಳುತ್ತದೆ ಎಂಬ ಹೆದರಿಕೆ ಇತ್ತು. ಫ್ರೇಮನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದೆ.

ಮೊಬೈಲಿನ ಚಿತ್ರದಲ್ಲಿ ಕೆಳಗಿನ ಭಾಗ ಗಾಜಿನ ಹೊಳಪಿನಲ್ಲಿ ಮುಚ್ಚಿಹೋಗಿತ್ತು. ಈಗ ಪೂರ್ತಿ ಕಂಡಿತು. ಬೆಳಗ್ಗೆಯೋ ಸಂಜೆಯೋ, ಇಳಿಬಿಸಿಲಿನಲ್ಲಿ ತೆಗೆದದ್ದು. ವಿಮಾನದ ನೆರಳು ಉದ್ದವಾಗಿ ನಮ್ಮ ಕಡೆಗೆ ನೆಲದ ಮೇಲೆ ಬಿದ್ದಿತ್ತು. ಬಾಲದ ನೆರಳು, ಮಾವನ ಕಡ್ಡಿಯಂಥ ನೆರಳು, ಒಡಲಿನ ನೆರಳು. ಆ ಒಡಲಿನ ನೆರಳಿನ ಅಂಚಿನಲ್ಲಿ ಒಂದು ಗೂನು ಇತ್ತು. ಮೇಲಿನ ವಿಮಾನಕ್ಕೆ ಗೂನಿರಲಿಲ್ಲ. ನೆಲದಲ್ಲಿ ಬಿದ್ದಿರುವ ಸಾಮಾನು ಇರಬಹುದೆಂದು ಓರೆ ಮಾಡಿ ನೋಡಿದೆ. ಸಾಮಾನಲ್ಲ, ನೆರಳೇ.

"ಈ ಫೋಟೋ ಮೊದ್ಲಿಂದ್ಲೂ ಹಿಂಗೇ ಇತ್ತಾ?" ಎಂದು ಸೊಸೆಯನ್ನು ಕೇಳಿದೆ.

"ಎಲ್ಲಿ ಅಕ್ಕ! ನಾನು ಮದುವೆಯಾಗಿ ಬಂದಾಗ ಬೂಷ್ಟು ಹಿಡಿದು ಮುಖ ಬಿಟ್ರೆ ಎಲ್ಲಾ ಕಪ್ಪು ಕಪ್ಪಾಗಿತ್ತು. ಚಿಕ್ಕಮಗಳೂರಲ್ಲಿ ಸ್ಟುಡಿಯೋಕ್ಕೆ ಕೊಟ್ಟಿದ್ದೆ, ಒಂದು ಕಲೆನೂ ಉಳೀಬಾರ್ದು ಅಂತ ಹೇಳಿ. ಕಂಪ್ಯೂಟರಲ್ಲಿ ಎಷ್ಟು ನೀಟಾಗಿ ಮಾಡ್ಕೊಟ್ರು ನೋಡಿ."

"ಹಳೇದು?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಇದ್ರ ಹಿಂದೇನೇ ಇಟ್ಟಿದೀನಿ. ಫ್ರೇಮೂ ಲೂಸಾಗಿತ್ತು, ಬಿಗಿಯಾಯ್ತು."

ಅವಳೇ ಚಾಕುವಿನ ತುದಿಯಿಂದ ಹಿಂದಿನ ಮೊಳೆಗಳನ್ನು ಎಬ್ಬಿಸಿದಳು. ರಟ್ಟಿನ ಮುಂದೆ ಹಳೆಯ ಫೋಟೋ ಇತ್ತು. ನಮ್ಮ ಕಡೆಯ ಎಲ್ಲ ಮನೆಗಳ ಫೋಟೋಗಳಂತೆಯೇ ಅದರ ಮೇಲೆಲ್ಲ ದುಂಡು ದುಂಡಾದ ಕಪ್ಪು ಕಲೆಗಳು: ಆಕಾಶದಲ್ಲಿ, ರೆಕ್ಕೆಯ ಮೇಲೆ, ಮಾವನ ಮೊಣಕಾಲಿನ ಹತ್ತಿರ. ವಿಮಾನದ ಬೆನ್ನಿನ ಮೇಲೂ ಒಂದು, ಉಳಿದವುಗಳಿಗಿಂತ ದೊಡ್ಡದು. ಸ್ಟುಡಿಯೋದವರೂ ಈ ಗುಡ್ಡಗಳವರೇ. ಫೋಟೋದ ಮೇಲೆ ದುಂಡಗೆ ಕಪ್ಪಗಿರುವುದು ಏನೆಂದು ಯಾರೂ ಅವರಿಗೆ ಹೇಳಿಕೊಡಬೇಕಿಲ್ಲ. ಹತ್ತಾರು ಕಲೆಗಳ ಜೊತೆ ಅದನ್ನೂ ಒರೆಸಿ, ಅಲ್ಲಿ ಆಕಾಶ ತುಂಬಿದ್ದಾರೆ. ನೆರಳು ಕಲೆಯ ಹಾಗೆ ಕಾಣಲಿಲ್ಲ, ಉಳಿಯಿತು.

ಅನುಮಾನ ಅಷ್ಟಕ್ಕೇ ಮುಗಿಯಲಿಲ್ಲ. ಚೀಲದಲ್ಲಿದ್ದ ಭೂತಗನ್ನಡಿ ಹಿಡಿದು ಆ ದೊಡ್ಡ ಕಲೆಯನ್ನು ನೋಡಿದೆ. ಎಂಜಿನ್ ಇದ್ದರೂ ಅದರ ಮೇಲೆಯೇ ಬೂಷ್ಟು ಬೆಳೆದಿತ್ತು. ಎಲ್ಲಿ ಎಂಜಿನ್ ಮುಗಿಯುತ್ತದೆ, ಎಲ್ಲಿ ಬೂಷ್ಟು ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ಅದೊಂದನ್ನೇ ಯಾರಾದರೂ ತೋರಿಸಿದ್ದರೆ ನಾನೂ ಒರೆಸಿ ಎನ್ನುತ್ತಿದ್ದೆನೇನೋ. ಆದರೆ ನೆರಳಿನ ಗೂನು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇತ್ತು, ಅದೇ ಜಾಗದಲ್ಲಿ. ಬೂಷ್ಟಿಗೆ ನೆರಳು ಬೀಳುವುದಿಲ್ಲ.

ಮಾವನಿಗೆ ನಾನು ಇಷ್ಟೇ ಹೇಳಿದೆ: "ನೆರಳು ನೋಡಿ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಬೆರಳನ್ನು ಮೊದಲು ತಮ್ಮದೇ ನೆರಳಿನ ಮೇಲೆ ಇಟ್ಟು, ಅಲ್ಲಿಂದ ಮೆಲ್ಲಗೆ ಒಡಲಿನ ಕಡೆ ಎಳೆದರು. ಗೂನಿನ ಹತ್ತಿರ ಬೆರಳು ನಿಂತಿತು. ಕಣದ ಆಚೆ ಯಾರೋ ಹರವಿದ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದ ಸದ್ದು ಬರುತ್ತಿತ್ತು.

"ಇತ್ತು ಅಲ್ದ?" ಎಂದರು.

"ಇತ್ತು."

"ನಾನು ಹಂಗೇ ಹೇಳ್ತಿದ್ದೆ ಅಲ್ದ?"

"ಹಂಗೇ ಹೇಳ್ತಿದ್ರಿ. ಕೊಟ್ಟಿಗೆಹಾರದಲ್ಲಿ ಈಗಷ್ಟೇ ಕೇಳ್ಕೊಂಡು ಬಂದೆ. ಪಲ್ಪರ್ ವಿಮಾನ ಅಂದ್ರು."

ಮಾವ ನಕ್ಕರು. ಆಮೇಲೆ ಮಾತು ಶುರುವಾಯಿತು. ಬೆನ್ನಿನ ಎಂಜಿನ್ ಹಚ್ಚಿದಾಗ ಒಡಲೊಳಗೆ ಕೂತವರ ಹಲ್ಲು ನಡುಗುತ್ತಿತ್ತಂತೆ. ಅದನ್ನು ಮೇಲೆ ಹತ್ತಿ ಒರೆಸುವ ಕೆಲಸ ಇವರದೇ ಆಗಿತ್ತಂತೆ. ಒಮ್ಮೆ ಅದರ ಬಾಯಲ್ಲಿ ಹಕ್ಕಿ ಗೂಡು ಕಟ್ಟಿತ್ತಂತೆ. ಮದುವೆ ಮನೆಗಳಲ್ಲಿ ಈ ಹಕ್ಕಿಗೂಡನ್ನು ನಾನು ಕೇಳಿರಲಿಲ್ಲ, ಅಥವಾ ಕೇಳಿ ಮರೆತಿದ್ದೆ. ನೆರಳು ಅವರಿಗೆ ಎಂಜಿನ್ನನ್ನು ವಾಪಸು ಕೊಟ್ಟಿತು. ಹಕ್ಕಿಗೂಡು ಅದರ ಜೊತೆ ಬಂದದ್ದೋ, ಆಗಷ್ಟೇ ಕಟ್ಟಿದ್ದೋ ನನಗೆ ಗೊತ್ತಿಲ್ಲ. ಅದನ್ನು ಯಾವ ಫೋಟೋವೂ ಹೇಳುವುದಿಲ್ಲ. ನಾನು ಕೇಳಲೂ ಇಲ್ಲ.

ಭವನಕ್ಕೆ ಯಾವ ಫೋಟೋ ಕೊಡುವುದು ಎಂಬ ಪ್ರಶ್ನೆ ಉಳಿದಿತ್ತು. ಹಳೆಯದನ್ನು ಕೊಡಿ, ಅದೇ ಮೂಲ ಎಂದು ನಾನು ಹೇಳಿದೆ.

"ಬೂಷ್ಟು ಹಿಡಿದಿದ್ದನ್ನ ಊರವರ ಮುಂದೆ ಹಾಕೋದಾ ಅಕ್ಕ? ಮನೇಲಿ ಹೆಂಗಸ್ರು ಎಂತ ಮಾಡ್ತಾರೆ ಅಂತಾರೆ," ಎಂದಳು ಸೊಸೆ.

"ಅವಳು ಹೇಳೋದು ಸರಿ," ಎಂದರು ಮಾವ. "ತೊಳೆದದ್ದನ್ನೇ ಹಾಕ್ಲಿ. ಹಳೇದ್ರಲ್ಲಿ ಬೆನ್ನ ಮೇಲಿಂದು ಎಂಜಿನ್ ಅಂದ್ರೆ ರೈಟ್ರು ಬೂಷ್ಟು ಅಂತಾನೆ, ಅಷ್ಟೆ. ಇದ್ರಲ್ಲಿ ಆದ್ರೆ ಬೆನ್ನು ಬೋಳು. ಅವ್ನು ಬಂದು ಎಲ್ಲರೆದುರು ಚೆನ್ನಾಗಿ ನಗ್ಲಿ. ಪೂರ್ತಿ ನಗ್ಲಿ. ಆಮೇಲೆ ನಾನು ಕೆಳಗೆ ನೆರಳಿನ ಕಡೆ ಕೈ ತೋರಿಸ್ತೀನಿ."

ಎರಡು ಸಾಲು ಬರೆಯಲು ಕೂತೆ. ವಿಮಾನದ ಹೆಸರು, ಮಾವನ ಹೆಸರು, ಅವರು ಮಾಡುತ್ತಿದ್ದ ಕೆಲಸ. ಮಾವ ಕುರ್ಚಿಯಿಂದ ಎದ್ದು ಬಂದು ನನ್ನ ಹೆಗಲ ಮೇಲಿನಿಂದ ಬಗ್ಗಿ ಓದಿದರು.

"ಎಂಜಿನ್ ಎಷ್ಟು ಅಂತ ಬರೀಬೇಡ ಮಾರಾಯ್ತಿ," ಎಂದರು. "ಅದನ್ನ ನಾನೇ ಹೇಳ್ತೀನಿ."